ಹಣ್ಣಿನ ಬುಟ್ಟಿ

ಅರವತ್ತೆಂಟನೇ ಇಸವಿಯಲ್ಲಿ ನಾಗಪುರದ ಮಹಾಲ್ ಓಣಿಯ ನಾಲ್ವರು ಕನ್ನಡಿಗರು ಲಾವಣಿಗೆ ಗಿಟಾರು ಕೂಡಿಸಿ ಬ್ಯಾಂಡು ಕಟ್ಟಿದ್ದರು. ಆರು ವರ್ಷ ಊರೂರು ತಿರುಗಿ, ಒಂದೇ ಒಂದು ರೆಕಾರ್ಡು ತಂದು, ನೌಕರಿ ಸಿಕ್ಕಲ್ಲಿಗೆ ಚದುರಿಹೋದರು. ಈಗ ಉಳಿದವರು ಇಬ್ಬರೇ: ಹಾಡುತ್ತಿದ್ದ ಬಸವೇಶ್ವರಿ, ಗಿಟಾರಿನ ಚನ್ನಪ್ಪ.

ಲಕ್ಷ್ಮೀ ನಗರದ ಕನ್ನಡಿಗರು ಇಬ್ಬರನ್ನೂ ರಾಜ್ಯೋತ್ಸವದ ಸನ್ಮಾನಕ್ಕೆ ಕರೆದಾಗ ಚನ್ನಪ್ಪ ಸೆಟೆದ ಬೆರಳಿಗೆ ಎಣ್ಣೆ ತಿಕ್ಕಿಕೊಂಡು ಮೂರು ತಿಂಗಳು ರಿಯಾಜ್ ಮಾಡಿದ. ವೇದಿಕೆಯಲ್ಲಿ ಬಸವೇಶ್ವರಿಯ ಪಕ್ಕ ಕೂತು ನೋಡಿದರೆ ಭಾಷಣವೇ ಎರಡು ತಾಸು. ಆಮೇಲೆ ತಲೆಗೆ ಪೇಟ, ಹೆಗಲಿಗೆ ಶಾಲು, ಕೊರಳಿಗೆ ಹಾರ, ತೊಡೆಯ ಮೇಲೆ ಹಣ್ಣಿನ ಬುಟ್ಟಿ. ಗಿಟಾರು ಕುರ್ಚಿಯ ಹಿಂದೆ ಚೀಲದಲ್ಲೇ ಉಳಿಯಿತು.

"ಟೈಮ್ ಆತ್ರಿ ಕಾಕಾ, ಊಟ ಆರಾಕತ್ತೈತಿ," ಎಂದ ನಿರೂಪಕ ಅಭಯ. "ನಿಮ್ಮ ರೆಕಾರ್ಡು ಮೊಬೈಲ್‌ನ್ಯಾಗ ಹಚ್ಚತೀನಿ. ನೀವು ಬರೇ ಕೈ ಆಡಸ್ರಿ, ಫೋಟೋ ಚಲೋ ಬರತಾವ."

ಚನ್ನಪ್ಪನ ಪಿತ್ತ ನೆತ್ತಿಗೇರಿತು. "ಎದರ ಮ್ಯಾಲ ಆಡಸ್ಲಿ? ಈ ಬುಟ್ಟಿ ಮ್ಯಾಲೇನು?"

ಮಾತು ಮೈಕಿನಲ್ಲಿ ಕೇಳಿಸಿತು. ಚೇಷ್ಟೆಯೆಂದುಕೊಂಡು ಸಭೆಯೆಲ್ಲ ನಕ್ಕು ಚಪ್ಪಾಳೆ ತಟ್ಟಿತು. ಆ ಗದ್ದಲದಲ್ಲೇ ರೆಕಾರ್ಡು ಶುರುವಾಯಿತು. ಇಪ್ಪತ್ತರ ಚನ್ನಪ್ಪ ತಂತಿ ಮೀಟಿದ್ದೇ ತಡ, ಮುದುಕನ ಬೆರಳುಗಳು ಅವನ ಮಾತು ಕೇಳದೆ ಬುಟ್ಟಿಯ ಹಿಡಿಕೆಯ ಮೇಲೆ ಆಡತೊಡಗಿದವು.

ಫೋಟೋ ಮಾತ್ರ ಬರೋಬರ್ ಬಂತು.