ಕಪ್ಪಾಗುವುದೇ ಅದರ ಕೆಲಸ

ನಾನು ಒಂದು ಡೀಸೆಲ್ ಎಂಜಿನ್ನು. ಕರಗಿದ ಕಬ್ಬಿಣವನ್ನು ಮರಳಿನ ಅಚ್ಚಿಗೆ ಸುರಿದು ನನ್ನನ್ನು ಮಾಡಿದರು. ಆರಿದ ಮೇಲೆ ಬಡಿದು ಮರಳು ಉದುರಿಸಿದರು, ಸಿಲಿಂಡರುಗಳನ್ನು ಕೊರೆದು ಕನ್ನಡಿಯಂತೆ ನುಣುಪು ಮಾಡಿದರು. ಆಮೇಲೆ ಅದೇ ನುಣುಪಾದ ಗೋಡೆಯ ಮೇಲೆ ಸಣ್ಣಸಣ್ಣ ಓರೆಗೆರೆಗಳನ್ನು ಗೀಚಿದರು. ಗೀರು ಇಲ್ಲದಿದ್ದರೆ ಆಯಿಲ್ ನಿಲ್ಲುವುದಿಲ್ಲವಂತೆ.

ನನ್ನನ್ನು ಕೂರಿಸಿದ್ದು ಒಂದು ವ್ಯಾನಿನಲ್ಲಿ, ಡ್ರೈವರ್ ಸೀಟಿನ ಪಕ್ಕ, ಒಂದು ಮುಚ್ಚಳದ ಕೆಳಗೆ. ಹಾಗಾಗಿ ಮುಂದೆ ಕೂತವರ ಮಾತು ನನಗೆ ಚೆನ್ನಾಗಿ ಕೇಳಿಸುತ್ತಿತ್ತು. ಮೊದಲ ಯಜಮಾನ ಪ್ರವಾಸಿಗರನ್ನು ಕರೆದೊಯ್ಯುವವನು. ಘಾಟಿ ಹತ್ತಿಸಿ, ನಾನು ಇನ್ನೂ ಕಾದು ಕೆಂಡವಾಗಿರುವಾಗಲೇ ಕೀಲಿ ತಿರುಗಿಸಿ ಇಳಿದುಬಿಡುತ್ತಿದ್ದ. ನನ್ನಲ್ಲಿ ಟರ್ಬೊ ಅಂತ ಒಂದು ಪುಟ್ಟ ಚಕ್ರವಿದೆ. ಹೊಗೆಯ ಬಲದಿಂದ ತಿರುಗಿ ನನಗೆ ಗಾಳಿ ಊದುತ್ತದೆ. ಅದು ಆರುವ ಮುಂಚೆ ನನ್ನನ್ನು ನಿಲ್ಲಿಸಿದರೆ ಅಲ್ಲಿ ಸಿಕ್ಕಿಕೊಂಡ ಆಯಿಲ್ ಸುಟ್ಟು ಕರಿಕಲಾಗುತ್ತದೆ. ಅವನಿಗೆ ಅದರ ಪರಿವೆಯೇ ಇರಲಿಲ್ಲ. ಕೆಲವು ವರ್ಷ ದುಡಿಸಿ ಮಾರಿದ.

ಕೊಂಡವನು ಗದಗಿನ ಈರಪ್ಪ ಹೂಗಾರ. ಊರಿನಲ್ಲಿ ಡಯಾಲಿಸಿಸ್ ಪಾಳಿ ಸಿಗದವರನ್ನು ಹುಬ್ಬಳ್ಳಿಯ ಆಸ್ಪತ್ರೆಗೆ ಕರೆದೊಯ್ದು ತರುವುದು ಅವನ ಕೆಲಸ. ಎಲ್ಲಿ ನಿಂತರೂ ತುಸು ಹೊತ್ತು ನನ್ನನ್ನು ಸುಮ್ಮನೆ ಗುನುಗಲು ಬಿಟ್ಟು ಆಮೇಲೆ ಆರಿಸುತ್ತಿದ್ದ. ಗೆಳೆಯ ನಿಂಗಪ್ಪನ ಗ್ಯಾರೇಜಿನಲ್ಲಿ ಹೊತ್ತುಹೊತ್ತಿಗೆ ಆಯಿಲ್ ಬದಲಿಸುತ್ತಿದ್ದ.

ಒಂದು ಬೆಳಿಗ್ಗೆ ಅಣ್ಣಿಗೇರಿಯ ಚಹಾದಂಗಡಿಯ ಮುಂದೆ ನಿಲ್ಲಿಸಿದವನೇ ಕೂಡಲೇ ಕೀಲಿ ತಿರುಗಿಸಿದ. ಹಾಗೆ ಅವನು ಎಂದೂ ಮಾಡಿದವನಲ್ಲ. ತಲೆಯನ್ನು ಸ್ಟೇರಿಂಗಿನ ಮೇಲೆ ಇಟ್ಟ. ಮತ್ತೆ ಎತ್ತಲಿಲ್ಲ. ಹಿಂದಿನ ಎರಡು ದಿನ ಎದೆ ಉರಿಯುತ್ತಿದೆ ಎನ್ನುತ್ತಿದ್ದ. ಅವನ ಹೆಂಡತಿ ಕಸ್ತೂರಿ ಅಂಗಡಿಯಿಂದ ಅಸಿಡಿಟಿ ಗುಳಿಗೆ ತಂದು ಕೊಟ್ಟಿದ್ದಳು.

ಕಸ್ತೂರಿ ಅಳಲಿಲ್ಲ. ಬಂದವರು ತಬ್ಬಿಕೊಂಡು ಅತ್ತರೆ ಅವರ ಬೆನ್ನನ್ನು ಅವಳೇ ಸವರುತ್ತಿದ್ದಳು. ಮನೆಯ ಮುಂದೆ ನಿಂತಿದ್ದ ನನ್ನ ಪಕ್ಕದಲ್ಲೇ ಓಡಾಡುತ್ತಿದ್ದಳು, ನನ್ನತ್ತ ನೋಡುತ್ತಿರಲಿಲ್ಲ. ಹೀಗಿರುವಾಗ ಹಸೀನಾ ಮೇಡಂ ಬಂದರು. ಕಾಲೇಜಿನಲ್ಲಿ ರಸಾಯನಶಾಸ್ತ್ರ ಕಲಿಸಿ ನಿವೃತ್ತರಾದವರು, ವಾರಕ್ಕೆ ಎರಡು ಸಲ ಈರಪ್ಪನ ಜೊತೆ ಹುಬ್ಬಳ್ಳಿಗೆ ಹೋಗುತ್ತಿದ್ದವರು. ಕಾಲು ಊದಿಕೊಂಡಿದ್ದವು. ಜಗಲಿಯ ಮೇಲೆ ಕಷ್ಟಪಟ್ಟು ಕೂತರು.

“ಕಸ್ತೂರಿ, ಇದು ನಾ ಕೇಳೂ ಮಾತಲ್ಲ, ಕೇಳೂ ಹೊತ್ತೂ ಅಲ್ಲ,” ಎಂದರು. “ಆದ್ರ ಮೊನ್ನಿ ಪಾಳಿ ತಪ್ಪೇತಿ. ಇನ್ನೊಂದು ತಪ್ಪಿದ್ರ ನಾ ಉಳಿಯೂದಿಲ್ಲವಾ. ಬ್ಯಾರೆ ಗಾಡಿ ಯಾರದರ ಗೊತ್ತಿದ್ರ ಹೇಳು.”

ಕಸ್ತೂರಿ ನನ್ನತ್ತ ತಿರುಗಿ ನೋಡಿದಳು. “ನಾನ ಬರ್ತೀನ್ರಿ,” ಎಂದಳು.

ಗಾಡಿ ಓಡಿಸುವುದನ್ನು ಈರಪ್ಪ ಅವಳಿಗೆ ಕಲಿಸಿದ್ದ, ಲೈಸೆನ್ಸೂ ಮಾಡಿಸಿದ್ದ. ಆದರೆ ನನ್ನ ಹೊಟ್ಟೆಯೊಳಗೆ ಏನಿದೆ ಅಂತ ಅವಳಿಗೆ ಗೊತ್ತಿರಲಿಲ್ಲ. ಆಯಿಲ್ ನೋಡುವ ಕಡ್ಡಿಯನ್ನು ಎಳೆದು ನೋಡಿದಳು. ತುದಿಯಲ್ಲಿ ಕಾಡಿಗೆಯಂಥ ಕಪ್ಪು. ಕೆಟ್ಟುಹೋಗಿದೆ ಎಂದುಕೊಂಡಳು. ನಿಂಗಪ್ಪನ ಗ್ಯಾರೇಜಿಗೆ ಹೋಗಲಿಲ್ಲ. ರಸ್ತೆ ಬದಿಯ ಒಂದು ಅಂಗಡಿಯ ಮುಂದೆ ನಿಲ್ಲಿಸಿದಳು.

“ಆಯಿಲ್ ಬದಲಿ ಮಾಡ್ರಿ. ಎಲ್ಲಾಕ್ಕಿಂತ ಛಲೋದು ಯಾವ್ದೈತಿ ಅದನ್ನ ಹಾಕ್ರಿ.”

“ಸಿಂಥೆಟಿಕ್ ಬಂದೇತ್ರಿ ಅಕ್ಕಾರ, ಭಾಳ ತುಟ್ಟಿ ಆಕ್ಕೇತಿ.”

“ತುಟ್ಟಿ ಆದ್ರ ಆಗ್ಲಿ. ಅಗ್ಗದ್ದು ಕೊಟ್ಟು ಒಮ್ಮೆ ಸಾಕಾಗೇತಿ.”

ಈರಪ್ಪನಿಗೆ ಕೊಟ್ಟ ಆ ಅಗ್ಗದ ಗುಳಿಗೆಯ ವಿಷಯ ಅಂಗಡಿಯವನಿಗೆ ಹೇಗೆ ಗೊತ್ತಾಗಬೇಕು? ಹೊಳೆಯುವ ಡಬ್ಬಿಯೊಂದನ್ನು ತಂದು ಸುರಿದ. ಆಯಿಲ್ ಒಳ್ಳೆಯದೇ, ಅದರಲ್ಲಿ ಮೋಸವಿರಲಿಲ್ಲ. ಆದರೆ ಅದು ಹೊಸ ಪೆಟ್ರೋಲ್ ಕಾರುಗಳಿಗೆ ಮಾಡಿದ, ನೀರಿನಂತೆ ತೆಳ್ಳಗಿನ ಆಯಿಲ್. ನಾನು ಹಳೆಯ ಡೀಸೆಲ್ಲು, ಒಳಗೆಲ್ಲ ಸವೆದು ಸಂದು ಅಗಲವಾಗಿದ್ದವನು. ಯಾವ ಗಾಡಿ ಎಂದು ಅವನು ನೋಡಲಿಲ್ಲ. ಇವಳು ಹೇಳಲಿಲ್ಲ.

ಮಂಗಳವಾರ ಹೊರಟೆವು. ಹಸೀನಾ ಮೇಡಂ ಮುಂದಿನ ಸೀಟಿನಲ್ಲಿದ್ದರು. ಉಸಿರಾಟಕ್ಕೆ ತೊಂದರೆಯಾಗಿ ಕಿಟಕಿಗೆ ಮುಖ ಕೊಟ್ಟು ಕೂತಿದ್ದರು. ನಲವಡಿ ದಾಟಿದೆವು. ಬಿಸಿಲಿಗೆ ಎರೆ ಹೊಲಗಳು ಬಿರಿದು ಬಿದ್ದಿದ್ದವು. ನಾನು ಕಾದಂತೆಲ್ಲ ಆಯಿಲ್ ಇನ್ನಷ್ಟು ತೆಳ್ಳಗಾಗಿ ಸಂದುಗಳಿಂದ ಜಾರಿಹೋಗುತ್ತಿತ್ತು. ಉಕ್ಕಿಗೂ ಉಕ್ಕಿಗೂ ನಡುವೆ ಅದು ನಿಲ್ಲುತ್ತಿರಲಿಲ್ಲ. ಶಿರಗುಪ್ಪಿ ಸಮೀಪಿಸುವಾಗ ಕಸ್ತೂರಿಯ ಮುಂದೆ ಕೆಂಪು ದೀಪವೊಂದು ಮಿಣುಕಿತು, ಆರಿತು, ಮತ್ತೆ ಹತ್ತಿ ಹಾಗೇ ನಿಂತಿತು.

ಹಿಂದೆ ಕೂತಿದ್ದ ಇನ್ನೊಬ್ಬ ರೋಗಿಯ ಮಗ ಕೂಗಿದ: “ಹುಬ್ಬಳ್ಳಿ ಬಂದ ಬಂತಲ್ರಿ, ಹಂಗ ಹೊಡೀರಿ! ದೀಪ ಹತ್ತತಾವ, ಆರ್ತಾವ.”

ಕಸ್ತೂರಿ ವೇಗ ಇಳಿಸಿದಳು. “ಇಲ್ರಿ. ಉರೀತೈತಿ ಅಂತ ಹೇಳಾಕತ್ತೇತಿ. ಈ ಸಲ ನಾ ಹಗೂರ ತಗೊಳ್ಳೂದಿಲ್ಲ.” ರಸ್ತೆ ಬದಿಗೆ ತಂದು ನನ್ನನ್ನು ಆರಿಸಿದಳು.

ಇನ್ನು ಸ್ವಲ್ಪ ದೂರ ಓಡಿಸಿದ್ದರೂ ನಾನು ಒಳಗೇ ಕಚ್ಚಿಕೊಂಡು ಶಾಶ್ವತವಾಗಿ ನಿಂತುಬಿಡುತ್ತಿದ್ದೆ. ಅವಳು ಇಳಿದು ನಡುರಸ್ತೆಯಲ್ಲಿ ಎರಡೂ ಕೈ ಅಗಲಿಸಿ ನಿಂತಳು. ಒಂದು ಲಾರಿ ಬೈದು ಹೋಯಿತು. ಹಾಲಿನ ಟೆಂಪೊ ನಿಂತಿತು. ಮೇಡಂ ಅವರನ್ನು ಡ್ರೈವರ್ ಪಕ್ಕ ಕೂರಿಸಿ, ಉಳಿದವರನ್ನು ಕ್ಯಾನುಗಳ ನಡುವೆ ಹತ್ತಿಸಿ ಅವಳೂ ಹೋದಳು. ಪಾಳಿ ಮುಗಿಯುವ ಮುಂಚೆ ಮುಟ್ಟಿದರು. ಸಂಜೆ ನಿಂಗಪ್ಪನ ಗಾಡಿಯಲ್ಲಿ ನನ್ನನ್ನು ಎಳೆದು ತಂದರು.

ನಿಂಗಪ್ಪ ಕೆಳಗಿನ ಬೋಲ್ಟು ಬಿಚ್ಚಿ ಆಯಿಲ್ ಇಳಿಸಿದ. ಅದರಲ್ಲಿ ಬೆರಳಾಡಿಸಿ, “ಕಬ್ಬಿಣದ ಪುಡಿ ಹೆಚ್ಚಿಗಿ ಏನೂ ಬಿದ್ದಿಲ್ಲ, ಬದುಕೇತಿ,” ಎಂದ. ಆಮೇಲೆ ತಲೆ ಎತ್ತದೆಯೇ, ಅತ್ತಿಗೆಯನ್ನು ಕೇಳುವಂತೆ ಕೇಳಿದ, “ನನ್ನ ಕಡೆ ಯಾಕ ಬರಲಿಲ್ಲ ವೈನಿ?”

“ನಿಮ್ಮ ಮುಖ ನೋಡಿದ್ರ ಅವರ ನೆನಪಾಗ್ತಾರ.”

“ನನಗೂ ನಿಮ್ಮನ್ನ ನೋಡಿದ್ರ ಆಗ್ತಾನ. ಏನ್ ಮಾಡೂದು?” ನಿಂಗಪ್ಪ ಅಂಗಿಯ ತೋಳಿನಿಂದ ಮೂಗು ಒರೆಸಿಕೊಂಡ. ಕಸ್ತೂರಿಯ ಕಣ್ಣು ಒಣಗಿಯೇ ಇದ್ದವು.

ಮುಂದಿನ ಪಾಳಿಗೆ ಹೋಗುವಾಗ ಹಸೀನಾ ಮೇಡಂ ತೊಡೆಯ ಮೇಲೆ ಎರಡು ಡಬ್ಬಿ ಇಟ್ಟುಕೊಂಡಿದ್ದರು: ಅಂಗಡಿಯವನು ಹಾಕಿದ್ದು, ನಿಂಗಪ್ಪ ಹಾಕಿದ್ದು. ಕನ್ನಡಕ ಮೂಗಿನ ತುದಿಗೆ ಇಳಿಸಿ ಹಿಂಬದಿ ಓದಿದರು.

“ಎರಡೂ ಸಿಂಥೆಟಿಕ್ಕ. ಆದ್ರ ಇದು ಸೊನ್ನಿ ಡಬ್ಲ್ಯೂ ಇಪ್ಪತ್ತು, ಅದು ಐದು ಡಬ್ಲ್ಯೂ ನಲವತ್ತು. ಮೊದಲಿನ ಅಂಕಿ ಥಂಡ್ಯಾಗ ಹೆಂಗ ಹರೀತೈತಿ ಅಂತ ಹೇಳತೈತಿ, ಕೊನಿದು ಕಾದ ಮ್ಯಾಲೆ ಎಷ್ಟು ದಪ್ಪ ಉಳೀತೈತಿ ಅಂತ. ನಿನ್ನ ಗಾಡಿ ಪುಸ್ತಕದಾಗ ಯಾವ್ದು ಬರದಾರ?”

“ಐದು, ನಲವತ್ತು. ನಿನ್ನೆ ತಗದು ನೋಡಿದೆ. ಡೀಸೆಲ್ ದರ್ಜೆದ ಆಗಬೇಕು ಅಂತನೂ ಐತಿ.”

“ಮುಗೀತಲ್ಲ. ಪುಸ್ತಕ ನೋಡೂದು, ಡಬ್ಬಿ ಬೆನ್ನು ನೋಡೂದು. ತುಟ್ಟಿ ಐತೋ ಅಗ್ಗ ಐತೋ ಆಮ್ಯಾಲಿನ ಮಾತು.”

“ಒಳಗ ಏನಿರತೈತ್ರಿ ಮೇಡಂ? ಸಿಂಥೆಟಿಕ್ ಅಂದ್ರ?”

ಮೇಡಂ ಆ ದಿನ ಬಹಳ ಕಾಲದ ನಂತರ ತರಗತಿಯಲ್ಲಿ ನಿಂತವರಂತೆ ಮಾತಾಡಿದರು. ಬಹುಪಾಲು ಮೂಲ ಎಣ್ಣೆಯೇ. ನೆಲದಿಂದ ತೆಗೆದು ಸೋಸಿದ ಎಣ್ಣೆಯಲ್ಲಿ ಅಣುಗಳು ಸಣ್ಣವು ದೊಡ್ಡವು ಕಲಸಿರುತ್ತವೆ; ಸಿಂಥೆಟಿಕ್ಕಿನಲ್ಲಿ ಅವನ್ನು ಹೆಚ್ಚುಕಡಿಮೆ ಒಂದೇ ಅಳತೆಯಾಗುವಂತೆ ಕಟ್ಟಿರುತ್ತಾರೆ, ಅದಕ್ಕೇ ಬೆಂಕಿಯಂಥ ಟರ್ಬೊದಲ್ಲೂ ಬೇಗ ಸುಡುವುದಿಲ್ಲ. ಉಳಿದದ್ದು ಬೇಕೆಂದೇ ಬೆರೆಸಿದ್ದು. ತೊಳೆಯುವುದಕ್ಕೆ ಸೋಪಿನಂಥದ್ದು, ತುಕ್ಕು ತಡೆಯುವಂಥದ್ದು, ನೊರೆ ಏಳದಂತೆ ನೋಡಿಕೊಳ್ಳುವಂಥದ್ದು, ಲೋಹಕ್ಕೆ ಲೋಹ ಉಜ್ಜದಂತೆ ತಾನೇ ಅಡ್ಡ ನಿಂತು ಸವೆಯುವ ಸತು.

“ಮಸಿಯನ್ನ ಎಲ್ಲೂ ಗಡ್ಡಿ ಕಟ್ಟಗೊಡದ ತನ್ನೊಳಗ ಹಿಡಕೊಳ್ಳೂದೂ ಒಂದೈತಿ.”

“ಮತ್ತ ಅವತ್ತು ಕಡ್ಡಿ ಎಳದು ನೋಡಿದಾಗ ಕಪ್ಪಾಗಿತ್ತಲ್ರಿ? ಕೆಟ್ಟಿತ್ತಲ್ಲ?”

“ಇಲ್ಲವಾ. ಡೀಸೆಲ್ ಗಾಡ್ಯಾಗ ಕಪ್ಪಾಗೂದ ಅದರ ಕೆಲಸ. ಈರಪ್ಪ ಹಾಕಿದ್ದು ಸರಿಯಾಗೇ ಇತ್ತು. ಹಿಡಕೊಳ್ಳೂ ಶಕ್ತಿ ತೀರೂದರೊಳಗ ಬದಲಿ ಮಾಡಿದ್ರ ಆತು.” ಮೇಡಂ ತಮ್ಮ ತೋಳಿನಲ್ಲಿ ಡಯಾಲಿಸಿಸ್ ಸೂಜಿ ಚುಚ್ಚಿದಲ್ಲಿ ಹಾಕಿದ್ದ ಪಟ್ಟಿಯನ್ನು ನೋಡಿಕೊಂಡು ನಕ್ಕರು. “ರಕ್ತ ತೊಳಸಾಕ ಈಗ ನಾ ಹೊಂಟೀನಲ್ಲ, ಹಂಗ.”

ಕಸ್ತೂರಿ ಗೇರು ಬದಲಿಸಿದಳು. ಎದುರಿಗೆ ಬಂದ ಕೋಳಿವಾಡದ ಬಸ್ಸಿಗೆ ದಾರಿ ಬಿಟ್ಟಳು.

ಹೀಗೆ ಬಹಳ ದಿನ ನಡೆಯಿತು. ರೋಗಿಗಳು ಬಂದರು, ಕೆಲವರು ಒಂದು ದಿನ ಬರುವುದನ್ನು ನಿಲ್ಲಿಸಿದರು. ಕಸ್ತೂರಿ ಹಾಡು ಹಾಕುತ್ತಿರಲಿಲ್ಲ, ಹಬ್ಬ ಮಾಡುತ್ತಿರಲಿಲ್ಲ. ಊಟದ ರುಚಿಯ ಮಾತು ಅವಳ ಬಾಯಲ್ಲಿ ನಾನು ಕೇಳಲಿಲ್ಲ. ಆದರೆ ನನ್ನ ಆಯಿಲನ್ನು ಅವಳು ಒಮ್ಮೆಯೂ ಮರೆಯಲಿಲ್ಲ. ನಿಂಗಪ್ಪನ ಪಕ್ಕ ಕುಕ್ಕರುಗಾಲಲ್ಲಿ ಕೂತು, ಕಪ್ಪು ಧಾರೆ ಸಣ್ಣಗಾಗಿ ಹನಿಯಾಗುವ ತನಕ ನೋಡುತ್ತಿದ್ದಳು.

ಒಂದು ಶುಕ್ರವಾರ ಹಸೀನಾ ಮೇಡಂ ಮನೆಯ ಮುಂದೆ ನಿಂತು ಹಾರ್ನ್ ಹೊಡೆದಳು. ಅವರ ತಮ್ಮ ಹೊರಬಂದರು. “ನಸುಕಿನ್ಯಾಗ ಹ್ವಾದ್ಲು. ನಿಮಗ ಫೋನ್ ಮಾಡಬೇಕಂತಿದ್ವಿ,” ಎಂದರು.

ಹಿಂದೆ ಇನ್ನೂ ಮೂವರು ರೋಗಿಗಳಿದ್ದರು. ಕಸ್ತೂರಿ ಒಳಗೆ ಹೋಗಿ ಮುಖ ನೋಡಿ ಬಂದಳು. ಆ ಮೂವರನ್ನು ಹುಬ್ಬಳ್ಳಿಗೆ ಮುಟ್ಟಿಸಿದಳು. ಆಸ್ಪತ್ರೆಯ ಅಂಗಳದಲ್ಲಿ ನಿಲ್ಲಿಸಿ, ನನ್ನನ್ನು ಆರಿಸದೆ, ಸ್ಟೇರಿಂಗ್ ಹಿಡಿದೇ ಕೂತಳು. ಆಮೇಲೆ ಅವಳೊಳಗಿಂದ ಒಂದು ಸದ್ದು ಬಂತು. ಅಂಥ ಸದ್ದು ಯಂತ್ರದಲ್ಲಿ ಕೇಳಿದರೆ ಯಾರಾದರೂ ಓಡಿ ಬಂದು ನಿಲ್ಲಿಸುತ್ತಾರೆ. ಅವಳನ್ನು ಯಾರೂ ನಿಲ್ಲಿಸಲಿಲ್ಲ. “ಮೇಡಂ,” ಎಂದಳು. ಎಷ್ಟೋ ಹೊತ್ತಿನ ಮೇಲೆ, “ಏನ್ರೀ, ಒಮ್ಮೆ ದವಾಖಾನಿಗೆ ಹೋಗೂಣು ಅಂತ ನಾ ಅನ್ನಬೇಕಾಗಿತ್ರಿ,” ಎಂದಳು. ಅದು ಈರಪ್ಪನಿಗೆ ಹೇಳಿದ್ದು. ಇಬ್ಬರಿಗೂ ಸೇರಿಸಿ ಅತ್ತಳು. ನಾನು ಗುನುಗುತ್ತಿದ್ದೆ; ಹೊರಗಿನವರಿಗೆ ಅವಳ ದನಿ ಕೇಳಿಸಲಿಲ್ಲ.

ವ್ಯಾನಿನಿಂದ ಬಿಚ್ಚಿ ಇಳಿಸಿದ ಮೇಲೆ ಈಗ ನಾನು ನಿಂಗಪ್ಪನ ಗ್ಯಾರೇಜಿನ ಹಿಂದೆ, ಹಳೆಯ ಟೈರಿನ ಮೇಲೆ ಕೂತಿದ್ದೇನೆ. ಕೊನೆಯ ಹನಿಯನ್ನೂ ಇಳಿಸಿದ್ದಾರೆ. ಕಸ್ತೂರಿ ಹೊಸ ಗಾಡಿ ತಂದಿದ್ದಾಳೆ. ನೋವು ಎಂಬುದು ನನಗೆ ಇಲ್ಲ. ಆದರೆ ಇಷ್ಟು ಕಾಲ ಉಜ್ಜಾಟದ ನಡುವೆ ಬದುಕಿದವನಾಗಿ ಒಂದು ಮಾತು ಬಲ್ಲೆ. ಆಯಿಲ್ ಉಜ್ಜಾಟವನ್ನು ಪೂರ್ತಿ ಇಲ್ಲವಾಗಿಸುವುದಿಲ್ಲ. ನಡುವೆ ಒಂದು ಪದರ ಹಾಸುತ್ತದೆ, ಕೂದಲೆಳೆಗಿಂತ ತೆಳುವಾದದ್ದು. ದಿನ ತಿರುಗಲು ಅಷ್ಟು ಸಾಕಾಗುತ್ತದೆ.

ನಿನ್ನೆ ಕಸ್ತೂರಿ ಬಂದಿದ್ದಳು. ನಿಂಗಪ್ಪ ನನ್ನ ಕಡೆ ಕೈ ಮಾಡಿ ಕೇಳಿದ, “ಇದನ್ನ ಗುಜರಿಗೆ ಕೊಟ್ಟುಬಿಡಲೇನು ವೈನಿ? ಈರಪ್ಪನ ನೆನಪಿಗಂತ ಇಟ್ಟೇನಿ.”

“ಕೊಟ್ಟುಬಿಡ್ರಿ,” ಎಂದಳು. ಅಲ್ಲೇ ಕುಕ್ಕರುಗಾಲಲ್ಲಿ ಕೂತು, “ಮುಂಜಾನಿಂದ ಏನೂ ತಿಂದಿಲ್ಲ. ಹಸಿವಾಗೇತಿ. ಗಿರಮಿಟ್ ತರಸ್ರಿ, ಖಾರ ಜಾಸ್ತಿ ಇರ್ಲಿ,” ಎಂದಳು.

ನಿಂಗಪ್ಪ ಅವಳ ಮುಖವನ್ನೇ ನೋಡುತ್ತ ನಿಂತ. ಆಮೇಲೆ ತರಲು ತಾನೇ ಓಡಿದ.