ಅರಿಶಿನದ ದಾರ

ಹಳದಿ, ಆ ದಾರ ಹಳದಿಯಾಗಿ ಕಾಣುತ್ತಿದೆ, ನಿನ್ನೆಯವರೆಗೂ ಬೆಳ್ಳಗಿತ್ತು, ಬಿಸಿಲು ಓರೆಯಾಗಿ ಬಿದ್ದು ಹಾಗೆ ತೋರುತ್ತಿರಬೇಕು, ಎಂಟೂಕಾಲರ ಬಿಸಿಲು, ಚಿತ್ತೆ ಮಳೆ ಮೂರು ದಿನ ಹೊಯ್ದು ಬಿಟ್ಟ ಮೇಲಿನ ಬಿಸಿಲು — ಆದರೆ ಅದು ಕಟ್ಟಿರುವ ಎರಡು ಗೂಟಗಳೂ ತಮ್ಮ ಬಣ್ಣದಲ್ಲೇ ಇವೆ, ಹಿಂದಿನ ತೆಂಗಿನಮರವೂ ತನ್ನ ಬಣ್ಣದಲ್ಲೇ ಇದೆ, ದಾರವೊಂದೇ ಹಳದಿ. ದುರ್ಬೀನಿನ ಗಾಜು ಒರೆಸಿ ಮತ್ತೆ ನೋಡುತ್ತೇನೆ, ಹಳದಿಯೇ. ಗಣಿಯ ಈ ದಂಡೆಯಲ್ಲಿ ಆಫೀಸು, ಆಫೀಸಿನ ಜಗಲಿಯಲ್ಲಿ ನಾನು, ಪೂರ್ವದ ಆ ದಂಡೆಯಲ್ಲಿ ಪುಟ್ಟಗಂಗಮ್ಮನ ತೋಟ, ನಡುವೆ ನೂರಡಿ ಆಳದ ಕಪ್ಪು ಗುಂಡಿ, ತಳದಲ್ಲಿ ಮ್ಯಾಂಗನೀಸ್ ಅಗೆಯುವ ಒಂಬತ್ತು ಜನ ಈಗಾಗಲೇ ಇಳಿದಿದ್ದಾರೆ, ಅವರ ಮುಂದಾಳು ತಿಮ್ಮರಾಜು, ಪುಟ್ಟಗಂಗಮ್ಮನ ಮಗ, ಇಳಿಯುವಾಗ ಎಂದಿನಂತೆ ಕೈಯೆತ್ತಿ ಹೋಗ್‌ಬತ್ತೀವಿ ಸಾ ಎಂದಿದ್ದ, ನಾನು ಎಂದಿನಂತೆ ಹೂಂ ಎಂದಿದ್ದೆ. ನನ್ನ ತಪಾಸಣೆಯೂ ಎಂದಿನಂತೆಯೇ, ಒಂದು ಕೈಯಲ್ಲಿ ಕಾಫಿ, ಒಂದು ಕೈಯಲ್ಲಿ ದುರ್ಬೀನು, ದಾರ ಇದೆಯೇ, ಇದೆ, ಕಿತ್ತಿಲ್ಲವೇ, ಇಲ್ಲ, ಒಳಗೆ ಹೋಗಿ ರಿಜಿಸ್ಟರಿನಲ್ಲಿ ಗುಂಡಿಯ ಪೂರ್ವದ ಗೋಡೆ ಅಲುಗಾಡಿಲ್ಲ ಎಂದು ಬರೆದು ಕೆಳಗೆ ಸಹಿ, ರುದ್ರೇಶ್, ಮೈನ್ಸ್ ಮ್ಯಾನೇಜರ್. ಹದಿನೇಳು ಬೆಳಗು, ಹದಿನೇಳು ಸಹಿ. ಆಚೆ ದಂಡೆಗೆ ಸುತ್ತಿ ಹೋಗಲು ಹತ್ತು ನಿಮಿಷ ಸಾಕು, ಶೂಗೆ ಕೆಸರಾಗುತ್ತದೆ ಎಂದು ಹೋಗಲಿಲ್ಲ, ಇದನ್ನು ಯಾರಿಗಾದರೂ ಹೇಳಲು ಸಾಧ್ಯವೇ, ಶೂಗೆ ಕೆಸರಾಗುತ್ತದೆ ಎಂದು. ಕಾಫಿ ಆರುತ್ತಿದೆ, ಲೋಟವನ್ನು ಜಗಲಿಯ ಮೇಲಿಟ್ಟು ನಡೆಯುತ್ತಿದ್ದೇನೆ. ಬಸವಕುಮಾರ್ ಆಫೀಸಿನೊಳಗಿನಿಂದ ಎಲ್ಲಿಗೆ ಸಾರ್ ಬೆಳ್‌ಬೆಳಿಗ್ಗೆನೇ ಎಂದ, ಇವನು ನಮ್ಮ ಫೋರ್‌ಮನ್, ಹೇಳಿದ್ದನ್ನು ತಪ್ಪದೆ ಮಾಡುತ್ತಾನೆ, ಹೇಳದ್ದನ್ನು ಮಾಡುವುದಿಲ್ಲ, ಏನಿಲ್ಲಪ್ಪ ಆಚೆಗೊಂದು ಸುತ್ತು ಎಂದೆ.

ಕಣ್ಣಲ್ಲಿ ನೋಡಿ ಕೊಬ್ಬರಿ ಹೇಳ್ಬೇಡ ಕಣೋ, ಅವ್ವ ಹೇಳುತ್ತಿದ್ದುದು. ಬಿಳಿಗೆರೆಯ ಮನೆಯ ಅಟ್ಟ, ಹನ್ನೊಂದು ತಿಂಗಳಿಂದ ಒಣಗುತ್ತ ಕೂತ ಕಾಯಿಗಳ ರಾಶಿ, ಹೊಗೆಯ ವಾಸನೆ, ಅವ್ವ ದ್ರಾಕ್ಷಾಯಣಮ್ಮ ಒಂದೊಂದೇ ಕಾಯನ್ನು ಕಿವಿಯ ಹತ್ತಿರ ಹಿಡಿದು ಅಲ್ಲಾಡಿಸುತ್ತಿದ್ದಳು, ಒಳಗೆ ಕೊಬ್ಬರಿ ಬಿಟ್ಟುಕೊಂಡು ಲೊಟಕ್ ಎಂದರೆ ಆ ಕಡೆ, ಸದ್ದಿಲ್ಲದ್ದು ಈ ಕಡೆ, ನಾನು ಚಿಪ್ಪಿನ ಬಣ್ಣ ನೋಡಿ ಇದು ಆಗಿದೆ ಎಂದರೆ ತಲೆಗೊಂದು ಮೊಟಕುತ್ತಿದ್ದಳು, ಕೈಯಾಗ್ ಹಿಡೀದೆ ಕಾಯಿ ಹೇಳ್ತದೇನ್ಲಾ. ಬಂಡೆಗೂ ಅದೇ ಪಾಠ, ಗಣಿ ಓದುವಾಗ ಅದನ್ನೇ ಹೇಳಿಕೊಟ್ಟರು, ಹಾರೆಯಿಂದ ತಟ್ಟಿ ನೋಡು, ಗಟ್ಟಿ ಬಂಡೆ ಗಂಟೆಯಂತೆ ಮಾತಾಡುತ್ತದೆ, ಬಿಟ್ಟುಕೊಂಡ ಬಂಡೆ ಡೊಬ್ ಎನ್ನುತ್ತದೆ. ಹತ್ತಿರ ಹೋಗಬೇಕು, ಮುಟ್ಟಬೇಕು, ಎರಡು ಕಡೆ ಕಲಿತೆ, ಎರಡು ಕಡೆ ಮರೆತೆ. ದಂಡೆಯ ದಾರಿ ಜಾರುತ್ತಿದೆ, ಕೆಂಪು ಮಣ್ಣು ಶೂಗೆ ಮೆತ್ತಿ ಹೆಜ್ಜೆ ಭಾರವಾಗುತ್ತಿದೆ. ಹದಿನೆಂಟು ದಿನದ ಹಿಂದೆ ಪುಟ್ಟಗಂಗಮ್ಮನೇ ಆಫೀಸಿಗೆ ಬಂದಿದ್ದಳು, ಸ್ವಾಮಿ, ದಂಡೆ ಮೇಲಿನ್ ಮರಕ್ಕೆ ಬುಟ್ಟ ನೀರು ನಿಲ್ತಾನೇ ಇಲ್ಲ, ಎಲ್ಲೋಯ್ತದೋ ಕಾಣೆ, ಭೂಮ್ತಾಯಿ ಕುಡ್ದ್‌ಬುಡ್ತಾಳೆ ಎಂದಳು. ಹೋಗಿ ನೋಡಿದರೆ ಮರದ ಹಿಂದೆ ಬಿರುಕು, ಗುಂಡಿಯ ಅಂಚಿಗೆ ಸಮನಾಗಿ ಹರಿದ ಬಿರುಕು, ಎರಡು ಬೆರಳಿನ ಅಗಲ, ಅದರೊಳಗೆ ನೀರು ಸದ್ದಿಲ್ಲದೆ ಇಳಿಯುತ್ತಿತ್ತು. ಬಿರುಕಿನ ಈಚೆಗೊಂದು ಆಚೆಗೊಂದು ಗೂಟ ಹೊಡೆಸಿದೆ, ಎರಡಕ್ಕೂ ಸೇರಿಸಿ ದಾರ ಬಿಗಿದೆ, ಬಿರುಕು ಅಗಲವಾದರೆ ದಾರ ಕಿತ್ತುಹೋಗಬೇಕು, ಕಿತ್ತ ದಿನ ಗೋಡೆಯ ಕೆಳಗೆ ಕೆಲಸ ಬಂದ್, ಹಳೆಯ ಉಪಾಯ, ಸುಳ್ಳು ಹೇಳದ ಉಪಾಯ. ಬ್ಯಾಗಿನಲ್ಲಿ ಬೇರೆ ದಾರವಿರಲಿಲ್ಲ, ಅವ್ವ ಕೊರಳಿನ ಲಿಂಗಕ್ಕೆಂದು ಕೊಟ್ಟಿದ್ದ ಹೊಸ ಶಿವದಾರವಿತ್ತು, ಅದರಿಂದ ಒಂದೆಳೆ ನೂಲು ಬಿಡಿಸಿ ಕಟ್ಟಿದೆ, ಮಿಕ್ಕಿದ್ದನ್ನು ಗೂಟಕ್ಕೇ ಸುತ್ತಿಟ್ಟೆ, ನೂಲು ಹಿಗ್ಗುವುದಿಲ್ಲ, ಕಿತ್ತುಹೋಗುತ್ತದೆ, ಅದಕ್ಕೇ ಒಳ್ಳೆಯದು ಎಂದುಕೊಂಡೆ.

ಆಗ ಅವಳು ಅಲ್ಲೇ ನಿಂತು ನೋಡುತ್ತಿದ್ದಳು, ಶಿವದಾರ ಕಂಡು ಕೈ ಮುಗಿದಳು, ಏನಪ್ಪಾ ಇದು, ನೊಣವಿನಕೆರೆ ಮಠದ್ದಾ ಎಂದಳು. ನನ್ನ ನಾಲಿಗೆಗೆ ಯಾವಾಗಲೂ ತುರಿಕೆ. ಹೂಂ ಕಣಮ್ಮ, ಭೂಮಿ ಕಾಯೋ ದಾರ, ಇದು ಇರೋಗಂಟ ನಿನ್ನ ಮರಾನೂ ಬೀಳಲ್ಲ, ನಿನ್ನ ಮಗನ್ಗೂ ಏನೂ ಆಗಲ್ಲ ಎಂದೆ. ತಮಾಷೆಗೆ ಎಂದೆ, ಹೆದರಿದ್ದಾಳೆ, ಸಮಾಧಾನವಾಗಲಿ ಎಂದೆ — ಇಲ್ಲ, ಹೆದರಿದ್ದವನು ನಾನು, ನನ್ನ ಸಮಾಧಾನಕ್ಕೆ ಎಂದೆ. ಏಕೆಂದರೆ ಆ ಗೋಡೆಯನ್ನು ಕಡಿಸಿದವನು ನಾನೇ. ತೋಟದ ಎಲ್ಲೆಯಿಂದ ಇಷ್ಟು ಅಡಿ ಜಾಗ ಮುಟ್ಟಬಾರದು ಎಂದು ಕಾನೂನಿದೆ, ಕಾಯಲೆಂದೇ ನನ್ನನ್ನು ಇಟ್ಟಿರುವುದು, ಬೇಲಿಯೇ ಎದ್ದು ಹೊಲ ಮೇಯ್ದಂತೆ ನಾನೇ ಮೇಯ್ದೆ. ಗಣಿಯ ಧಣಿ ದಂಡೆಯ ಮೇಲೆ ನಿಂತು ತೋಟದ ಕಡೆ ಕೈ ತೋರಿಸಿದ್ದರು, ಅದಿರು ಅಲ್ಲೇ ಮಲಗೈತೆ ಕಣ್ರೀ ರುದ್ರೇಶ್, ಒಳ್ಳೆ ಕಪ್ಪು ಎಮ್ಮೆ ಮಲಗ್ದಂಗೆ, ಎಬ್ಸೋಕೆ ನಿಮ್ಗೇನ್ ಕಷ್ಟ. ಆಗಲ್ಲ ಸಾರ್ ಎನ್ನಬಹುದಿತ್ತು, ಎರಡೇ ಮಾತು, ಬಾಯಿ ತೆರೆದೆ, ನೋಡ್ತೀನಿ ಸಾರ್ ಎಂದು ಹೊರಬಂತು. ನನಗಿಂತ ಮುಂಚಿನ ಮ್ಯಾನೇಜರು ದೊಡ್ಡಣ್ಣನವರು ಆಗಲ್ಲ ಎಂದಿದ್ದರು, ಮರುವಾರ ಅವರು ಹುಳಿಯಾರಿನ ಬಸ್ಸಿಗೆ ಟ್ರಂಕು ಹಾಕುವುದನ್ನು ಅವರ ಕೈಕೆಳಗಿದ್ದ ನಾನು ಆಫೀಸಿನ ಜಗಲಿಯಿಂದ ನೋಡಿದ್ದೆ. ಅಟ್ಟ ಮೇಲೆ ಒಲೆ ಉರಿಯಿತು, ಕೆಟ್ಟ ಮೇಲೆ ಬುದ್ಧಿ ಬಂತು. ಇರಲಿ, ದಾರ ಇದೆಯಲ್ಲ, ಬಣ್ಣ ಏನಾದರೂ ಇರಲಿ, ಕಿತ್ತಿಲ್ಲವಲ್ಲ, ಕಿತ್ತಿಲ್ಲದ ದಾರಕ್ಕೆ ಯಾಕೆ ಹೀಗೆ ಓಡುತ್ತಿದ್ದೇನೆ, ಉಸಿರು ಹತ್ತುತ್ತಿದೆ. ಕೆಳಗೆ ಕಂಪ್ರೆಸರ್ ಬಡಿದುಕೊಳ್ಳುತ್ತಿದೆ, ಗಂಗಲಕ್ಷ್ಮಿಯ ಕೆಂಪು ಸೆರಗು ಅದಿರಿನ ಗುಡ್ಡೆಯ ಹತ್ತಿರ ಬಾಗಿ ಏಳುತ್ತಿದೆ, ಅವಳು ಕಲ್ಲು ಆರಿಸುವವಳು, ಅವಳ ಹಿಂದೆ ಗೋಡೆಯ ಬುಡಕ್ಕೆ ಆತುಕೊಂಡು ಕಬ್ಬಿಣದ ತಗಡಿನ ಗೂಡು. ಬ್ಲಾಸ್ಟಿಂಗ್ ಗೂಡು. ಸಿಡಿಮದ್ದು ಹಾರಿಸುವ ಮುಂಚೆ ಮೂರು ಸಲ ಉದ್ದವಾಗಿ ಸೈರನ್ ಕೂಗುತ್ತದೆ, ಕೂಗಿದರೆ ಎಲ್ಲರೂ ಕೈಯಲ್ಲಿದ್ದುದನ್ನು ಬಿಟ್ಟು ಅದರೊಳಗೆ ಸೇರಬೇಕು, ಆ ಜಾಗ ಆರಿಸಿದವನೂ ನಾನೇ, ಹೋದ ವರ್ಷ, ಗೋಡೆ ಕಡಿಯುವ ಮುಂಚೆ, ಅಲ್ಲಿಗೆ ಕಲ್ಲು ಹಾರಿ ಬರುವುದಿಲ್ಲ, ನೆರಳೂ ಇರುತ್ತದೆ ಎಂದು. ತಿಂಗಳುಗಟ್ಟಲೆ ಅಭ್ಯಾಸ ಮಾಡಿಸಿದ್ದೇನೆ, ನೂಕಾಡಬಾರದು, ಸಾಲಾಗಿ ಹೋಗಬೇಕು, ಕೊನೆಗೆ ತಿಮ್ಮರಾಜು ಬಾಗಿಲಲ್ಲಿ ನಿಂತು ತಲೆ ಎಣಿಸಿ ಕೈಯೆತ್ತಬೇಕು. ಈಗ ನಿದ್ದೆಗಣ್ಣಲ್ಲೂ ಮಾಡುತ್ತಾರೆ.

ಪುಟ್ಟಗಂಗಮ್ಮ ಮರದ ಬುಡದಲ್ಲಿದ್ದಾಳೆ, ಬಿರುಕಿನ ಆಚೆ, ಗುಂಡಿಯ ಕಡೆ, ಬಿದ್ದ ಸೋಗೆ ಎಳೆಯುತ್ತಿದ್ದಾಳೆ, ನನ್ನನ್ನು ಕಂಡು ನಗುತ್ತಾಳೆ, ಬಾಪ್ಪಾ, ಎಳ್ನೀರು ಕುಡೀವಂತೆ ಎನ್ನುತ್ತಾಳೆ. ನಾನು ದಾರವನ್ನೇ ನೋಡುತ್ತಿದ್ದೇನೆ. ನನ್ನ ನೂಲಲ್ಲ ಇದು, ಹೂ ಕಟ್ಟುವ ದಪ್ಪ ದಾರ, ಅರಿಶಿನ ಹಚ್ಚಿದ್ದು, ಗೂಟಗಳಿಗೂ ಅರಿಶಿನ, ಕುಂಕುಮ, ದಾರದ ನಡುವೆ ಒಂದು ಕಣಗಿಲೆ ಹೂವು. ಇದ್ಯಾವಾಗ ಕಟ್ಟಿದೆ ಅಮ್ಮಾ ಎಂದೆ. ಇವತ್ ಹೊತ್ತಾರೆ ಕಣಪ್ಪ, ನಿನ್ ನೂಲು ಮುಗ್ದೋಯ್ತು, ಅದ್ಕೇ ನಮ್ಮನೇದು ಹಾಕ್ದೆ ಎಂದಳು. ಮುಗ್ದೋಯ್ತು ಅಂದ್ರೆ. ಅಯ್ಯೋ, ಅದು ದಿನಾ ಕಿತ್ತೋಗದು, ನೀ ಕಟ್ಟಿ ಹೋದ್ ಮಾರ್ನೇ ದಿನಾನೇ ಕಿತ್ತಿತ್ತು, ನೀ ಹೇಳಿದ್ಯಲ್ಲ ಇದು ಇರೋಗಂಟ ನನ್ ಮಗನ್ಗೆ ಏನೂ ಆಗಲ್ಲ ಅಂತ, ಬುಡಕ್ಕಾಗ್ತದಾ, ನಾನೇ ತಲೆಗೆ ನೀರ್ ಹುಯ್ಕಂಡು ಬಂದು ಗಂಟಾಕಿ ಕಟ್ತಿದ್ದೆ, ಮಳೇಲಿ ದಿನುಕ್ಕೆ ಎರಡ್ ಸಲ ಕಟ್ಟಿವ್ನಿ. ಸೆರಗಿನ ಗಂಟು ಬಿಚ್ಚಿ ತೋರಿಸುತ್ತಿದ್ದಾಳೆ, ತುಂಡು ನೂಲುಗಳು, ಬಿಳಿ ತುಂಡುಗಳು, ದೇವ್ರ ದಾರ ತುಳೀಬಾರ್ದು ಅಂತ ಎತ್ತಿಟ್ಟಿವ್ನಿ ಎನ್ನುತ್ತಾಳೆ. ನಾನು ಬೆಳಿಗ್ಗೆ ದುರ್ಬೀನಿನಲ್ಲಿ ನೋಡುವ ಹೊತ್ತಿಗೆ ಅವಳು ಕಟ್ಟಿ ಮುಗಿಸಿರುತ್ತಿದ್ದಳು. ಬಿರುಕಿನ ಮೇಲೆ ಉದ್ದಕ್ಕೂ ಒಣ ಸೋಗೆ ಹಾಸಿದೆ, ಕರುವಿನ್ ಕಾಲು ಸಿಕ್ಕಾಕ್ಕಂಡಾತು ಅಂತ ಮುಚ್ಚಿದೆ ಕಣಪ್ಪ ಎಂದಳು, ಸೋಗೆ ಎತ್ತಿದರೆ ಎರಡು ಬೆರಳಲ್ಲ, ನನ್ನ ತೋಳು ಭುಜದವರೆಗೆ ಇಳಿಯುತ್ತದೆ, ಒಳಗಿನಿಂದ ತಣ್ಣನೆಯ ಗಾಳಿ ಬರುತ್ತಿದೆ. ಕಾಲಿನಿಂದ ನೆಲ ತಟ್ಟಿದೆ. ಡೊಬ್. ನನಗೆ ಭಯವಾಗುತ್ತಿದೆ, ಮಗುವಿಗೆ ಆಗುವಂಥ ಭಯ, ಅವ್ವಾ ಎಂದು ಕೂಗಬೇಕೆನಿಸುತ್ತಿದೆ. ಅಮ್ಮಾ ಈ ಕಡೆ ಬಾ, ಮೆಲ್ಲಗೆ, ಇಲ್ಲೇ ದಾಟು ಎಂದೆ. ದಾರ ದಾಟಬಾರ್ದು ಕಣಪ್ಪ, ನಿಮ್ ಮಠದ್ದು ಎಂದು ಅವಳು ನಾಲಿಗೆ ಕಚ್ಚಿಕೊಂಡು, ಗೂಟದ ಸುತ್ತ ಬಳಸಿ, ಸೆರಗು ತಾಗದಂತೆ ಹಿಡಿದು ಬರುತ್ತಿದ್ದಾಳೆ, ನಾನು ಹೇಳಿದ ಸುಳ್ಳಿಗೆ ಎಷ್ಟು ಮರ್ಯಾದೆ ಕೊಡುತ್ತಿದ್ದಾಳೆ, ಬೇಗ ಅಮ್ಮಾ ಬೇಗ.

ದಂಡೆ ಇಲ್ಲಿ ತಿರುಗುವುದರಿಂದ ಗೋಡೆಯ ಬುಡದವರೆಗೂ ಕಾಣುತ್ತದೆ, ಕೆಳಗೆ ಒಂಬತ್ತು ಜನ. ತಿಮ್ಮರಾಜೂ ಎಂದು ಕೂಗಿದರೆ ಕಂಪ್ರೆಸರ್ ಸದ್ದು ನುಂಗುತ್ತಿದೆ. ಫೋನು, ಅವನ ಫೋನು ಆಫೀಸಿನ ಪೆಟ್ಟಿಗೆಯಲ್ಲಿದೆ, ಮದ್ದಿರುವ ಕಡೆ ಫೋನು ಒಯ್ಯಬಾರದು ಎಂಬ ನಿಯಮ ನನ್ನದೇ, ಹಾಗಾದರೆ ಬಸವಕುಮಾರ್, ಎತ್ತಪ್ಪ, ಎತ್ತು, ಎತ್ತಿದ. ಬಸವಕುಮಾರ್, ಪೂರ್ವದ ಗೋಡೆ ಕುಸಿದು ಬರ್ತಾ ಇದೆ, ಕೆಲಸ ನಿಲ್ಸು, ಜನಾನ ತಕ್ಷಣ — ಆಯ್ತು ಸಾರ್, ಈಗ್ಲೇ ಎಂದ, ಇಟ್ಟುಬಿಟ್ಟ. ಮೇಲಕ್ಕೆ ಕರೆಸು ಎಂದು ನಾನು ಹೇಳಬೇಕಿತ್ತು, ಗುಂಡಿಗಿಳಿಯುವ ರ‍್ಯಾಂಪಿನಲ್ಲಿ ಓಡಿಹೋಗಿ ಕರೆಸು, ಸೈರನ್ ಮುಟ್ಟಬೇಡ ಎನ್ನಬೇಕಿತ್ತು. ಮತ್ತೆ ಒತ್ತಿದೆ, ರಿಂಗಾಗುತ್ತಿದೆ, ಎತ್ತುತ್ತಿಲ್ಲ, ಅವನು ಮೇಜಿನ ಹತ್ತಿರ ಇಲ್ಲ, ಅವನು ಎಲ್ಲಿರುತ್ತಾನೆಂದು ನನಗೆ ಗೊತ್ತು, ಆಫೀಸಿನ ಗೋಡೆಯ ಮೇಲಿನ ಸೈರನ್ನಿನ ಕೆಂಪು ಬಟನ್ನಿನ ಹತ್ತಿರ, ತುರ್ತು ಬಂದರೆ ಮೊದಲು ಅದನ್ನೇ ಒತ್ತಬೇಕೆಂದು ಕಲಿಸಿದವನು — ಕೂಗಿತು. ಉದ್ದವಾಗಿ ಒಂದು. ಕಂಪ್ರೆಸರ್ ನಿಂತಿತು. ಎರಡು. ಬೇಡ ಬೇಡ ಬೇಡ. ಮೂರು. ಹಾರೆಗಳು ಕೆಳಗೆ ಬಿದ್ದವು, ಗಂಗಲಕ್ಷ್ಮಿಯ ಕೆಂಪು ಸೆರಗು ನೆಟ್ಟಗಾಯಿತು, ಸಾಲಾಗಿ, ನೂಕಾಡದೆ, ನಾನು ಕಲಿಸಿದಂತೆಯೇ, ಗೋಡೆಯ ಬುಡಕ್ಕೆ, ತಗಡಿನ ಗೂಡಿಗೆ ನಡೆಯುತ್ತಿದ್ದಾರೆ. ಆಚೆ ಹೋಗ್ರೋ, ಆ ಕಡೆ ಓಡ್ರೋ, ಎರಡೂ ಕೈ ಬೀಸುತ್ತಿದ್ದೇನೆ, ಸೈರನ್ ಇನ್ನೂ ಎಳೆಯುತ್ತಲೇ ಇದೆ, ಬೇಗ ಒಳಗೆ ಸೇರಿ ಎನ್ನುತ್ತಿದ್ದೇನೆಂದು ತಿಳಿದು ಬೇಗ ಬೇಗ ಹೋಗುತ್ತಿದ್ದಾರೆ, ನಾನು ಕೈ ಬೀಸಿದಷ್ಟೂ ಬೇಗ, ಕೈ ಇಳಿಸಲೇ, ಇಳಿಸಿದರೆ ಏನೆಂದುಕೊಳ್ಳುತ್ತಾರೆ, ರ‍್ಯಾಂಪಿಗೆ ಓಡಿದರೆ ಹತ್ತು ನಿಮಿಷ, ಹತ್ತು ನಿಮಿಷ. ತಿಮ್ಮರಾಜು ಬಾಗಿಲಲ್ಲಿ ನಿಂತ. ತಲೆ ಎಣಿಸುತ್ತಿದ್ದಾನೆ. ನನ್ನ ಪಕ್ಕದಲ್ಲಿ ಪುಟ್ಟಗಂಗಮ್ಮ, ನೋಡಪ್ಪ ನನ್ ಮಗ ಎಲ್ರುನೂ ಒಳಗಾಕಿ ಆಮೇಲೆ ತಾನು ಹೋಯ್ತಾನೆ ಎನ್ನುತ್ತಾಳೆ, ಹೆಮ್ಮೆಯಿಂದ, ನನ್ನ ತೋಳು ಹಿಡಿದು. ಅವನು ತಲೆಯೆತ್ತಿ ನಮ್ಮಿಬ್ಬರನ್ನೂ ನೋಡಿದ, ಕೈಯೆತ್ತಿದ, ಎಲ್ಲಾ ಒಳಗೆ ಸಾ. ಒಳಗೆ ಹೋದ. ಸೈರನ್ ನಿಂತಿತು. ಎಲ್ಲಿಂದಲೋ ಸಣ್ಣಗೆ ಮಣ್ಣು ಉದುರುವ ಸದ್ದು, ಮತ್ತೆ ಅದೂ ಇಲ್ಲ. ನೋಡಬಾರದು ಎಂದುಕೊಂಡೇ ಕಾಲ ಬಳಿ ನೋಡುತ್ತೇನೆ, ಬೆಳಿಗ್ಗೆ ಅವಳು ಸಡಿಲವಾಗಿ ಕಟ್ಟಿದ್ದಳು, ನಾನು ಬಂದಾಗ ನಡುವೆ ಜೋತಿತ್ತು, ಹೂವು ನೆಲಕ್ಕೆ ತಾಗುತ್ತಿತ್ತು, ಈಗ ಹೂವು ನೆಲ ಬಿಟ್ಟಿದೆ, ಜೋಲು ಇಲ್ಲ, ಗೂಟದಿಂದ ಗೂಟಕ್ಕೆ ನೆಟ್ಟಗೆ, ಹಳದಿ, ದಾರದಿಂದ ಅರಿಶಿನ ಪುಡಿಪುಡಿಯಾಗಿ ಉದುರುತ್ತಿದೆ, ಬಿಗಿಯಾಗುತ್ತಿದೆ, ಹಳದಿ, ಇನ್ನೂ ಬಿಗಿ, ಹಳದಿ ದಾರ, ದಾರ