ಮುಬಾರಕನ ಹನ್ನೊಂದು ಪೆಟ್ಟು

ಮುಬಾರಕ ಎಸಿ ರಿಪೇರಿ ಮಾಡುವವನು. ಮುಂಬಯಿಯ ಭಾಂಡುಪ್‌ನ ಹಳೇ ಕಾರ್ಖಾನೆಯೊಂದರ ಎರಡನೇ ಮಹಡಿಯಲ್ಲಿ, ಬ್ಯಾಂಡಿನವರು ಪ್ರಾಕ್ಟೀಸ್ ಮಾಡುವ ಜ್ಯಾಮ್ ರೂಮಿಗೆ ನಾಲ್ಕು ವರ್ಷದ ಹಿಂದೆ ಅವನು ಹೋದದ್ದೂ ಎಸಿ ನೋಡುವುದಕ್ಕೇ. ಗ್ಯಾಸ್ ತುಂಬಿ ಮುಗಿಸಿ, ಕೈ ಒರೆಸಿಕೊಳ್ಳುತ್ತ, ಮೂಲೆಯಲ್ಲಿದ್ದ ಡ್ರಮ್ಮಿನ ಮೇಲೆ ಸುಮ್ಮನೆ ಬೆರಳಾಡಿಸಿದ. ಅವನಪ್ಪ ಗನಿಸಾಬ ಇಂಡಿ ಕಡೆಯವನು, ಮುಂಬಯಿಗೆ ಬರುವ ಮೊದಲು ಊರಿನ ಮೊಹರಮ್ಮಿಗೆ ತಾಶಾ ಬಾರಿಸುತ್ತಿದ್ದ. ಆ ಪೆಟ್ಟು ಮಗನ ಬೆರಳಿಗೂ ಇಳಿದಿತ್ತು.

"ಒನ್ಸ್ ಮೋರ್ ಮಾಡಿ, ಪ್ಲೀಸ್" ಎಂದಳು ನೆಲದ ಮೇಲೆ ಕೂತಿದ್ದ ಹುಡುಗಿ.

ಅವಳು ಯಕ್ಷಿತಾ. ಘಾಟ್ಕೋಪರ್‌ನವಳು, ಮನೆಯಲ್ಲಿ ತುಳು, ಹೊರಗೆ ಹಿಂದಿ, ಕನ್ನಡ ಅಷ್ಟಕ್ಕಷ್ಟೆ. ಹಾಡುತ್ತಿದ್ದಳು, ಬೇಸ್ ಗಿಟಾರ್ ನುಡಿಸುತ್ತಿದ್ದಳು. ಅವಳ ಬ್ಯಾಂಡಿನ ಗೆಳೆಯ ಸೋಮನಾಥನದು ಗಿಟಾರು. ಇಬ್ಬರೂ ಆರು ತಿಂಗಳಿಂದ ಡ್ರಮ್ಮರ್ ಹುಡುಕುತ್ತಿದ್ದರು.

ಹೀಗೆ ಮುಬಾರಕ ಬ್ಯಾಂಡಿಗೆ ಸೇರಿದ. ಇಂಗ್ಲೆಂಡಿನ ಹಳೇ ರಾಕ್ ಬ್ಯಾಂಡುಗಳ ಬಗೆಯ ಆ ಸಂಗೀತ ಅವನಿಗೆ ಗೊತ್ತಿರಲಿಲ್ಲ. ಕಲಿಸಿದವಳು ಯಕ್ಷಿತಾ. ಲೋಕಲ್ ರೈಲಿನಲ್ಲಿ ಒಂದು ಇಯರ್‌ಫೋನು ಅವಳ ಕಿವಿಗೆ, ಇನ್ನೊಂದು ಅವನ ಕಿವಿಗೆ. "ಇದು ಜಾಯ್ ಡಿವಿಜನ್. ಗಿಟಾರ್ ಕೇಳ್ಬೇಡ, ಬೇಸ್ ಕೇಳು. ಇಲ್ಲಿ ಹಾಡೋದು ಬೇಸೇ." ಮರುದಿನ ದ ಕ್ಯೂರ್, ಅವರ ಗಿಟಾರು ನೀರಿನ ಅಡಿಯಿಂದ ಬಂದಂತೆ ಅಲೆಯುತ್ತಿತ್ತು. ಬೌಹೌಸ್ ಕೇಳಿದಾಗ ಖಾಲಿ ಗೋದಾಮಿನಲ್ಲಿ ಒಬ್ಬನೇ ನಿಂತ ಹಾಗಾಗಿ ಅವನಿಗೆ ಸ್ವಲ್ಪ ಹೆದರಿಕೆಯೂ ಆಯಿತು. ಸೂಸಿ ಆಂಡ್ ದ ಬ್ಯಾನ್ಶೀಸ್ ಕೇಳಿಸಿದ ದಿನ ಮಾತ್ರ ಅವನು ಡಬ್ಬಿಯಲ್ಲಿದ್ದವರೆಲ್ಲ ತಿರುಗಿ ನೋಡುವಂತೆ ನಕ್ಕುಬಿಟ್ಟ. ತಾಳದ ತಟ್ಟೆಗಳ ಗದ್ದಲವಿಲ್ಲದೆ, ದಪ್ಪ ಡ್ರಮ್ಮುಗಳ ಮೇಲೇ ಗುಡುಗುವ ಬಡಿತ.

"ಏ, ಇದು ನಮ್ಮಪ್ಪಂದು ಐತಲ್ಲ!"

ಅಂದಿನಿಂದ ಅವನು ತಟ್ಟೆಗಳನ್ನು ಕಳಚಿಟ್ಟು ಬಾರಿಸತೊಡಗಿದ. ಅದೇ ಬ್ಯಾಂಡಿನ ಗುರುತಾಯಿತು. ಶೋ ಮುಗಿದ ಮೇಲೆ ಜನ ಬಂದು ಡ್ರಮ್ಮರ್ ಯಾರೆಂದು ಕೇಳುತ್ತಿದ್ದರು. ಯಕ್ಷಿತಾ ಅವನ ತೋಳು ಹಿಡಿದು ಮುಂದೆ ತಳ್ಳುತ್ತಿದ್ದಳು. ಆ ಕೈ ತೋಳಿನಿಂದ ಅಂಗೈಗೆ ಯಾವಾಗ ಇಳಿಯಿತೋ ಇಬ್ಬರಿಗೂ ನೆನಪಿಲ್ಲ. ಭಾನುವಾರ ಪ್ರಾಕ್ಟೀಸ್ ಮುಗಿಸಿ ದಾದರ್‌ನಲ್ಲಿ ಇಳಿದು, ಚೌಪಾಟಿಯ ಕಡಲಂಚಿನವರೆಗೆ ನಡೆದು, ಬಿಸಿಲು ಇಳಿಯುವ ತನಕ ಕೂರುತ್ತಿದ್ದರು. ಮದುವೆಯ ಮಾತು ಅವನು ಎರಡು ಸಲ ಎತ್ತಿದ್ದ. ಎರಡು ಸಲವೂ ಅವಳು ಅವನ ಭುಜಕ್ಕೆ ತಲೆಯಾನಿಸಿದ್ದಳು. ಅದನ್ನೇ ಅವನು ಒಪ್ಪಿಗೆ ಎಂದುಕೊಂಡ.

ಅವನ ಬಾರಿಸುವಿಕೆಯಲ್ಲಿ ಒಂದು ದೋಷವಿತ್ತು. ಯಕ್ಷಿತಾ ದನಿ ಏರಿಸಿದ ಕೂಡಲೇ ಅವನ ಲಯವೂ ಓಡುತ್ತಿತ್ತು. ಸೋಮನಾಥ ರೇಗುತ್ತಿದ್ದ. ಅವಳು ಮೊದಲೆಲ್ಲ ನಗುತ್ತಿದ್ದಳು. "ಬಿಡು ಯಾರ್, ನನ್ನ ನೋಡಿದ್ರೆ ಇವನ ಕೈ ಓಡ್ತದೆ." ಈ ವರ್ಷ ಅವಳು ನಗುವುದು ನಿಂತಿತ್ತು. ಮುಬಾರಕ ಗಮನಿಸಲಿಲ್ಲ.

ಮೇ ತಿಂಗಳಲ್ಲಿ ಪುಣೆಯಲ್ಲೊಂದು ಕಾರ್ಯಕ್ರಮ ಸಿಕ್ಕಿತು. ಮೇ ಎಂದರೆ ಎಸಿಯವರಿಗೆ ಉಸಿರಾಡಲು ಪುರುಸೊತ್ತಿಲ್ಲ. ಮಾಲೀಕ ರಜೆ ಕೊಡಲಿಲ್ಲ. ಸೋಮನಾಥ ತಾನಾಗಿ ತಾಳ ನುಡಿಸುವ ಒಂದು ಡ್ರಮ್ ಮಷಿನ್ ತಂದಿಟ್ಟ.

"ಸಿಸ್ಟರ್ಸ್ ಆಫ್ ಮರ್ಸಿ ಬ್ಯಾಂಡಿಗೆ ಮಷಿನ್ನೇ ಡ್ರಮ್ಮರ್ ಆಗಿತ್ತು, ಗೊತ್ತಲ್ಲ? ಅದಕ್ಕೆ ಡಾಕ್ಟರ್ ಅಂತ ಹೆಸರು ಬೇರೆ ಇಟ್ಟಿದ್ರು. ಒಂದು ಶೋ ತಾನೆ."

ಆದರೆ ಮಷಿನ್ನಿನ ಸ್ವಂತ ಸದ್ದು ಡಬ್ಬ ಬಡಿದಂತಿತ್ತು. ಆಗ ಯಕ್ಷಿತಾ ಹೇಳಿದಳು: "ಮುಬಾರಕ್, ನಿನ್ನ ಸೌಂಡ್ ರೆಕಾರ್ಡ್ ಮಾಡಿ ಅದ್ರಲ್ಲಿ ಹಾಕುವ. ನೀನೇ ಬಂದ ಹಾಗೆ ಇರ್ತದೆ."

ಅವನು ಕೆಲಸಕ್ಕೆ ಹೋಗುವ ಮುಂಚೆ, ಬೆಳಿಗ್ಗೆ ಏಳಕ್ಕೆ ಬಂದು ಕೂತ. ಪ್ರತಿ ಡ್ರಮ್ಮಿಗೂ ಒಂದು ಮೆಲ್ಲನೆಯ ಪೆಟ್ಟು, ಒಂದು ಜೋರು, ಕೆಲವಕ್ಕೆ ನಡುವಿನದೊಂದು. ಹೊಡೆದ ಮೇಲೆ ಸದ್ದಿನ ಗುಂಗು ಪೂರ್ತಿ ಅಡಗುವವರೆಗೆ ಅಲುಗಾಡುವಂತಿಲ್ಲ. ಯಕ್ಷಿತಾ ಕೈ ಎತ್ತಿ ಹಿಡಿದಿರುತ್ತಿದ್ದಳು, ಸದ್ದು ಸತ್ತಾಗ ಇಳಿಸುತ್ತಿದ್ದಳು. ಹನ್ನೊಂದು ಪೆಟ್ಟು. ಊರಿಗೆ ಹೊರಟವಳಿಗೆ ನೆನಪಿಗೆಂದು ತನ್ನ ಶರ್ಟು ಮಡಚಿ ಕೊಟ್ಟಷ್ಟು ಖುಷಿ ಅವನಿಗೆ.

ಪುಣೆಯಿಂದ ಫೋನು ಬರಲಿಲ್ಲ. ಅನಂತರ ಪ್ರಾಕ್ಟೀಸು ವಾರದ ನಡುವೆ ಇಟ್ಟುಕೊಂಡರು, ಅವನು ಬರಲಾಗದ ಹೊತ್ತಿಗೆ. ಮೂರು ವಾರವಾದ ಮೇಲೆ ಯಕ್ಷಿತಾ ಅವನನ್ನು ಘಾಟ್ಕೋಪರ್ ಸ್ಟೇಷನ್ನಿನ ಸೇತುವೆಗೆ ಕರೆದಳು. ಸಂಜೆ ಐದರ ಗದ್ದಲ.

"ನಾವು ಮಷಿನ್ ಜೊತೆನೇ ಕಂಟಿನ್ಯೂ ಮಾಡ್ತೇವೆ."

"ಮಾಡ್ರಿ. ಮಳಿ ಬಿತ್ತಂದ್ರ ನನಗ ಕೆಲಸ ಕಮ್ಮಿ ಆಗ್ತೈತಿ, ಆಮ್ಯಾಲೆ ನಾ ಬರ್ತೀನಿ."

"ಇಲ್ಲ. ಮುಬಾರಕ್, ಇಲ್ಲ. ಸಮ್ಝಾ ಕರ್, ಅರ್ಥ ಮಾಡ್ಕೊ. ಪುಣೆಯಲ್ಲಿ ಫಸ್ಟ್ ಟೈಮ್ ನಾನು ನಿಧಾನಕ್ಕೆ ಹಾಡಿದೆ. ಆ ಮಷಿನ್ ನನಗೆ ಕಾಯ್ತದೆ. ನಿನ್ನ ಜೊತೆ ಯಾವಾಗ್ಲೂ ಓಡ್ಬೇಕು."

"ಡ್ರಮ್ಮಿಂದು ಹೇಳಾಕತ್ತೀಯೋ, ನಂದು ಹೇಳಾಕತ್ತೀಯೋ?"

ಅವಳು ಕಟಕಟೆ ಹಿಡಿದು ಕೆಳಗೆ ನೋಡಿದಳು. "ಎರಡೂ."

"ಸೋಮನಾಥ ಏನರ..."

"ಯಾರೂ ಇಲ್ಲ. ಯಾರಾದ್ರೂ ಇದ್ದಿದ್ರೆ ಹೇಳೋದು ಈಜಿ ಇತ್ತು." ಅವಳ ಕಣ್ಣು ತುಂಬಿತ್ತು. "ನಿನ್ನ ಸೌಂಡ್ ತೆಗಿ ಅಂದ್ರೆ ತೆಗೀತೇವೆ."

"ಇರ್ಲಿ ಬಿಡು" ಎಂದ. ಹೇಳಿ, ಮೆಟ್ಟಿಲಿಳಿದು ತಪ್ಪು ಪ್ಲಾಟ್‌ಫಾರ್ಮಿಗೆ ಹೋಗಿ, ಬಂದ ಮೊದಲ ಗಾಡಿ ಹತ್ತಿದ.

ಜುಲೈನಲ್ಲಿ ದಾದರ್‌ನ ಸಣ್ಣ ಹಾಲ್‌ನಲ್ಲಿ ಅವರ ಶೋ ಇತ್ತು, ಭಾನುವಾರ ನಾಲ್ಕಕ್ಕೆ. ಹೋಗಬಾರದೆಂದುಕೊಂಡೇ ಹೋದ. ಹಿಂದಿನ ಗೋಡೆಗೆ ಒರಗಿ ನಿಂತ. ವೇದಿಕೆಯ ಮೇಲೆ ಅವರಿಬ್ಬರೇ, ನಡುವೆ ಸ್ಟೂಲಿನ ಮೇಲೆ ಪುಸ್ತಕದಷ್ಟು ದೊಡ್ಡ ಮಷಿನ್ನಿನ ಪೆಟ್ಟಿಗೆ. ಅದು ಶುರುವಾದಾಗ ಅವನ ಕೈ ತಾನಾಗಿ ತೊಡೆಯ ಮೇಲೆ ಬಡಿಯತೊಡಗಿತು. ಅವನದೇ ಪೆಟ್ಟು. ತೊಗಲಿನ ಆ ದಪ್ಪ ದನಿ, ಎಡಗೈಯ ಆ ತುಸು ಗಡಸು, ಎಲ್ಲ ಅವನದೇ. ಆದರೆ ಪ್ರತಿ ಪೆಟ್ಟೂ ಹಿಂದಿನದರಂತೆಯೇ ಇತ್ತು. ಯಕ್ಷಿತಾ ಕಣ್ಣು ಮುಚ್ಚಿ ದನಿ ಏರಿಸಿದಳು. ಮುಬಾರಕನ ಬೆರಳು ಓಡಿತು, ಪೆಟ್ಟಿಗೆ ಓಡಲಿಲ್ಲ. ಅವಳ ದನಿ ಅವನೆಂದೂ ಕೇಳದಷ್ಟು ಎತ್ತರಕ್ಕೆ, ಆತುರವಿಲ್ಲದೆ, ಹೋಗಿ ನಿಂತಿತು. ಹಾಡು ಚೆನ್ನಾಗಿತ್ತು. ಅದೇ ಅವನಿಗೆ ಸಹಿಸಲಾಗಲಿಲ್ಲ. ಕೆಟ್ಟದಾಗಿದ್ದರೆ ಎಲ್ಲಿಯೋ ಒಂದು ಆಸೆ ಉಳಿಯುತ್ತಿತ್ತು.

ಶೋ ಮುಗಿದ ಮೇಲೆ ಹೊರಗೆ ಬಾಗಿಲಲ್ಲಿ ಅವಳೇ ಎದುರಾದಳು.

"ಹೇಗಿತ್ತು?" ಎಂದಳು, ಹೆದರಿದವಳಂತೆ.

"ಚೊಲೋ ಇತ್ತು. ನಾ ಇದ್ದಿದ್ರ ಇಷ್ಟು ಚೊಲೋ ಆಗ್ತಿರ್ಲಿಲ್ಲ."

ಅವಳು ಮುಖ ಮುಚ್ಚಿಕೊಂಡಳು. ಅವನು ಅವಳ ತಲೆ ಮುಟ್ಟಲು ಹೋದ ಕೈಯನ್ನು ಹಿಂದಕ್ಕೆ ತೆಗೆದುಕೊಂಡು, ಮಳೆಯಲ್ಲಿ ಸ್ಟೇಷನ್ನಿನ ಕಡೆ ನಡೆದ.

ಮನೆ ಸೇರಿದಾಗ ಗನಿಸಾಬ ಚಾಳಿನ ಬಾಗಿಲಲ್ಲಿ ಕೂತು ಛತ್ರಿ ಹೊಲಿಯುತ್ತಿದ್ದ. ಮಗನ ಮುಖ ನೋಡಿ ಸೂಜಿ ಕೆಳಗಿಟ್ಟ.

"ಆ ಹುಡುಗಿ ಹೋತೇನು?"

ನಾಲ್ಕು ವರ್ಷದಲ್ಲಿ ಅಪ್ಪ ಅವಳ ಬಗ್ಗೆ ಆಡಿದ ಮೊದಲ ಮಾತು ಅದು. ಮುಬಾರಕ ಹೊಸ್ತಿಲ ಮೇಲೆ ಕುಸಿದ.

"ನಾ ಜೋರ್ ಓಡಿದ್ನೆಪ್ಪಾ. ನನಗ ತಿಳೀಲೇ ಇಲ್ಲ."

ಗನಿಸಾಬನಿಗೆ ಅರ್ಥವಾಯಿತೋ ಇಲ್ಲವೋ. ಅವನು ಮಗನ ಒದ್ದೆ ಶರ್ಟಿನ ಬೆನ್ನ ಮೇಲೆ ಕೈಯಿಟ್ಟ. ಒಳಗೆ ಅನ್ನ ಆರುತ್ತಿತ್ತು. ಮುಬಾರಕ ಬಹಳ ಹೊತ್ತು ಅತ್ತ. ಪಕ್ಕದ ಮನೆಯವರು ಇಣುಕಿದಾಗ ಗನಿಸಾಬ, "ಏನಿಲ್ಲ ಭಾಭಿ, ಹೋಗ್ರಿ" ಎಂದು ಬಾಗಿಲು ಎಳೆದುಕೊಂಡ.